ನಾಲವಾರದ ಬೀದಿದೀಪದ ಬಿಲ್ ಯಾರದು?

ಸಂಜೆ ಆದ್ರೆ ನಾಲವಾರದ ಓಣಿಯೊಳಗ ಬೀದಿದೀಪ ಹತ್ತತಾವ. ಬಿಲ್ ಬರೋದು ಗ್ರಾಮ ಪಂಚಾಯಿತಿ ಹೆಸರಿಗೆ.

ಕರೆಂಟ್ ಕೊಡೋದು ಜೆಸ್ಕಾಂ. 2002ರಾಗ ಶುರುವಾದ ಸರ್ಕಾರಿ ಕಂಪನಿ, ಮುಖ್ಯ ಕಚೇರಿ ಕಲಬುರಗಿ. ಅದರ ಮುಂದ ಪಂಚಾಯಿತಿನೂ ನಮ್ಮಂಗ ಒಬ್ಬ ಗ್ರಾಹಕ: ಅರ್ಜಿ, ಕರಾರು ಪತ್ರ, ಆರ್‌ಆರ್ ನಂಬರ್, ಮೀಟರ್. ದರದಾಗ ಚೌಕಾಶಿ ಮಾತ್ರ ನಡಿಯಂಗಿಲ್ಲ. ಅದನ್ನ ಗೊತ್ತು ಮಾಡೋದು ಕೆಇಆರ್‌ಸಿ, ಅಂದ್ರ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಕುಡಿಯೋ ನೀರಿನ ಪಂಪು, ಬೀದಿದೀಪ ಎರಡೂ ಎಲ್‌ಟಿ-6 ಅನ್ನೋ ದರದ ವರ್ಗದಾಗ ಬರ್ತಾವ.

ಕಂಬ, ತಂತಿ ಜೆಸ್ಕಾಂದು. ಬಲ್ಬ್ ಹೋದ್ರ ಪಂಚಾಯಿತಿ ಕೆಲಸ. ಲೈನ್‌ಮನ್‌ಗೆ ಸುಮ್ನ ಬೈಬ್ಯಾಡ್ರಿ!

ಬಿಲ್ ಬಾಕಿ ಬಿದ್ರ? 2003ರ ವಿದ್ಯುತ್ ಕಾಯ್ದೆ, 56ನೇ ಕಲಂ: 15 ದಿನದ ನೋಟಿಸ್ ಕೊಟ್ಟು ಕರೆಂಟ್ ಕಡೀಬಹುದು. ಕಡಿದ್ರ ಓಣಿ ಕತ್ತಲು, ನಳ ಒಣ.

ಮುಂದಿನ ಗ್ರಾಮಸಭೆದಾಗ ಎದ್ದು ನಿಂತು ಕೇಳ್ರಿ: ಬಾಕಿ ಎಷ್ಟದ? ಹಗಲೆಲ್ಲಾ ಉರಿಯೋ ದೀಪಕ್ಕ ಸ್ವಿಚ್ ಎಲ್ಲದ?