ಬಿಎ ಓದಿದ ಇಂಜಿನಿಯರ್

ಸರ್ ಎಂ. ವಿಶ್ವೇಶ್ವರಯ್ಯನವರು ಇಂಜಿನಿಯರ್ ಆಗುವುದಕ್ಕೆ ಮೊದಲು ಬಿಎ ಪದವೀಧರರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿಎ ಮುಗಿಸಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಗೆ ಹೋಗಿ, 1883ರಲ್ಲಿ ಇಂಜಿನಿಯರಿಂಗ್ ಪೂರೈಸಿದರು. 1962ರಿಂದ 1981ರವರೆಗೆ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಸತೀಶ್ ಧವನ್ ಗಣಿತ ಮತ್ತು ಭೌತವಿಜ್ಞಾನದಲ್ಲಿ ಬಿಎ, ಇಂಗ್ಲಿಷ್ ಸಾಹಿತ್ಯದಲ್ಲಿ ಎಂಎ, ಮೆಕ್ಯಾನಿಕಲ್‌ನಲ್ಲಿ ಬಿಇ ಮಾಡಿದ್ದರು. ಅದೇ ಸಂಸ್ಥೆಯಲ್ಲಿ ಬಹುಕಾಲ ಬಿಎಸ್ಸಿ ಮುಗಿಸಿದವರಿಗೆಂದೇ ಮೂರು ವರ್ಷದ ಬಿಇ ಇತ್ತು. ಇಬ್ಬರು ಮಹನೀಯರ ಬದುಕನ್ನಷ್ಟೇ ನೋಡಿ ಎಲ್ಲರಿಗೂ ದಾರಿ ಹಾಕಲಾಗದು, ನಿಜ. ಆದರೆ ಪಿಯುಸಿ ಮುಗಿದ ಕೂಡಲೇ ಇತ್ತ ಬಂದವರು ಅತ್ತ ಹೋಗುವಂತಿಲ್ಲ ಎನ್ನುವ ಕಟ್ಟು ನಮ್ಮಲ್ಲಿ ಮೊದಲಿನಿಂದ ಇದ್ದದ್ದಲ್ಲ ಎಂಬುದಂತೂ ಸ್ಪಷ್ಟ.

ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯ ಈ ಎರಡೂ ದಾರಿಗಳನ್ನು ಜೋಡಿಸುವ ವ್ಯವಸ್ಥೆ ಮಾಡಿಕೊಂಡಿದೆ. ವಿದ್ಯಾರ್ಥಿ ಮೂರು ವರ್ಷ ಬೇರೊಂದು ಲಿಬರಲ್ ಆರ್ಟ್ಸ್ ಕಾಲೇಜಿನಲ್ಲಿ ಸಾಹಿತ್ಯ, ಇತಿಹಾಸಗಳ ಜೊತೆಗೆ ಗಣಿತ, ಭೌತವಿಜ್ಞಾನ ಓದಿ, ಕೊನೆಯ ಎರಡು ವರ್ಷ ಕೊಲಂಬಿಯಾದಲ್ಲಿ ಇಂಜಿನಿಯರಿಂಗ್ ಕಲಿತು, ಎರಡೂ ಕಡೆಯ ಪದವಿ ಪಡೆಯುತ್ತಾನೆ. ನಮ್ಮಲ್ಲೂ ಪಿಯುಸಿಯಲ್ಲಿ ಗಣಿತ ಓದಿದ ಬಿಎಸ್ಸಿ ಪದವೀಧರರು ನೇರವಾಗಿ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಲು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ (ಎಐಸಿಟಿಇ) ನಿಯಮದಲ್ಲಿ ಅವಕಾಶವಿದೆ. ಆದರೆ ಮೂರು ಮತ್ತು ಮೂರು ಸೇರಿ ಆರು ವರ್ಷವಾಗುತ್ತದೆ. ಎರಡು ಕಾಲೇಜುಗಳು ಮೊದಲೇ ಕೂತು ಪಠ್ಯ ಹೊಂದಿಸಿಕೊಂಡರೆ ಇದನ್ನು ಐದಕ್ಕೆ ಇಳಿಸಬಹುದು. ದೊಡ್ಡಬಳ್ಳಾಪುರ ತಾಲ್ಲೂಕಿನ ನಾಗದೇನಹಳ್ಳಿಯ ಗೀತಂ ವಿಶ್ವವಿದ್ಯಾಲಯದಂಥ ಆವರಣದಲ್ಲಿ ತಾಂತ್ರಿಕ ವಿಭಾಗವೂ ಮಾನವಿಕ ವಿಭಾಗವೂ ಒಂದೇ ಕಾಂಪೌಂಡಿನೊಳಗಿವೆ. ಇಂಥ ಕಡೆ ಈ ಹೊಂದಾಣಿಕೆಗೆ ಇಚ್ಛೆ ಬೇಕೇ ಹೊರತು ಹೊಸ ಕಟ್ಟಡ ಬೇಕಿಲ್ಲ.

ಕಂಪನಿಗಳು ಇಂಥ ಜೋಡಿ ಓದನ್ನು ಕೇಳುತ್ತವೆಯೇ ಎನ್ನುವವರು ಒಮ್ಮೆ ದೇವನಹಳ್ಳಿಯ ಕೆರೆಗಳತ್ತ ನೋಡಬೇಕು. ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಈ ಭಾಗಕ್ಕೆ ಬರುತ್ತದೆ. ಪಂಪು, ಪೈಪುಗಳ ಲೆಕ್ಕ ಇಂಜಿನಿಯರ್ ಮಾಡಿಯಾನು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಆಗಲಿ ಎಂದು ರೈತರು ಏಕೆ ಪಟ್ಟು ಹಿಡಿದರು, ಬೋರ್‌ವೆಲ್ ನೀರನ್ನೇ ಕುಡಿಯುವ ಊರಿನ ಅಂಜಿಕೆ ಎಂಥದು ಎಂಬುದು ತಿಳಿಯಬೇಕಾದರೆ ಸಮಾಜ, ಕಾನೂನು, ಪರಿಸರವನ್ನೂ ಓದಿರಬೇಕು. ಖರ್ಚಿನ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಮಗ್ಗದ ಕೂಲಿಯಲ್ಲೋ ಎರಡೆಕರೆ ರಾಗಿ ಹೊಲದಲ್ಲೋ ಬದುಕುವ ಮನೆಗೆ ಒಂದು ವರ್ಷದ ಹೆಚ್ಚುವರಿ ಶುಲ್ಕ, ಜೊತೆಗೆ ಕೈತಪ್ಪುವ ಒಂದು ವರ್ಷದ ಸಂಬಳ ಭಾರವೇ. ಆದರೆ ಅದೇ ಮನೆಯ ಮಗಳು ಬಿಇ ಎರಡನೇ ವರ್ಷದಲ್ಲಿ ಇದು ತನ್ನ ದಾರಿಯಲ್ಲವೆಂದು ಬಿಟ್ಟರೆ ಕೈಯಲ್ಲಿ ಪದವಿಯೇ ಇರುವುದಿಲ್ಲ. ಮೂರನೇ ವರ್ಷಕ್ಕೇ ಬಿಎಸ್ಸಿ ಕೊಡುವಂತೆ ಜೋಡಿಸಿದರೆ ಆಕೆ ಅಲ್ಲಿಂದ ಬಿಎಡ್‌ಗೋ ಸರ್ಕಾರಿ ಪರೀಕ್ಷೆಗೋ ಹೊರಳಬಹುದು. ಮುಂದುವರಿಯುವವರಿಗೆ ಐದನೇ ವರ್ಷದ ಶುಲ್ಕವನ್ನು ಸರ್ಕಾರ ವಿದ್ಯಾರ್ಥಿವೇತನವಾಗಿ ಭರಿಸಬೇಕು; ಅದಿಲ್ಲದೆ ಈ ವ್ಯವಸ್ಥೆ ಬಂದರೆ ಉಳ್ಳವರ ಮಕ್ಕಳಿಗೆ ಮಾತ್ರ ದಕ್ಕುತ್ತದೆ.