ವಾಷಿಂಗ್ಟನ್ನಿನ ಸುಂಕ, ಶೆಟ್ಟಿಹಳ್ಳಿಯ ಲೆಕ್ಕ

ಅಮೆರಿಕದ ರಾಜಕಾರಣ ನಮಗೇಕೆ ಎಂದು ಶೆಟ್ಟಿಹಳ್ಳಿಯ ವರ್ತಕ ಮಿತ್ರರು ಕೇಳುವುದುಂಟು. 2025ರ ಆಗಸ್ಟ್ ತಿಂಗಳು ಅದಕ್ಕೆ ಉತ್ತರ ನೀಡಿತು. ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರು ಭಾರತದ ಸರಕುಗಳ ಮೇಲೆ 7ರಂದು ಶೇ. 25, ರಷ್ಯಾದ ತೈಲ ಖರೀದಿಯ ಕಾರಣ ನೀಡಿ 27ರಂದು ಮತ್ತೆ ಶೇ. 25 ಸುಂಕ ಹೇರಿದರು. ಸುಂಕ ಪಾವತಿಸುವವನು ಅಲ್ಲಿನ ಆಮದುದಾರನೇ; ಆದರೆ ಆತ ರಿಯಾಯಿತಿ ಕೇಳುವುದು ಬೆಂಗಳೂರಿನ ಸಿದ್ಧ ಉಡುಪು ರಫ್ತುದಾರನನ್ನು; ರಫ್ತುದಾರನು ದರ ಇಳಿಸೆಂದು ಕೇಳುವುದು ಹೊಲಿದುಕೊಡುವ ಸಣ್ಣ ಘಟಕವನ್ನು.

ಇದನ್ನು ಒಬ್ಬ ನಾಯಕರ ಹಟವೆಂದಷ್ಟೇ ಭಾವಿಸುವುದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಬಫಲೋ ನಗರದಲ್ಲಿ ಉದ್ಯೋಗ ಸೃಷ್ಟಿಸಿದವರಿಗಿಂತ ಬೆಂಗಳೂರಿನಲ್ಲಿ ಸೃಷ್ಟಿಸಿದವರಿಗೆ ತೆರಿಗೆ ಕಡಿಮೆಯೆಂದು 2009ರ ಮೇ ತಿಂಗಳಲ್ಲಿ ಆಕ್ಷೇಪಿಸಿದವರು ಡೆಮಾಕ್ರಟಿಕ್ ಪಕ್ಷದ ಬರಾಕ್ ಒಬಾಮಾ. ಪಕ್ಷ ಬದಲಾದರೂ ಅಲ್ಲಿನ ಮತದಾರನ ಉದ್ಯೋಗದ ಚಿಂತೆ ಬದಲಾಗದು.

ನನ್ನ ಆಕ್ಷೇಪವಿರುವುದು ಅನಿಶ್ಚಿತತೆಯ ಬಗ್ಗೆ. ಸುಂಕ ವಿಧಿಸುವ ಅಧಿಕಾರವನ್ನು ಅಲ್ಲಿನ ಸಂವಿಧಾನ ಕಾಂಗ್ರೆಸ್ಸಿಗೆ ನೀಡಿದೆ. ತುರ್ತು ಕಾನೂನಿನಡಿ ಇಂತಹ ಸುಂಕ ಹೇರಲು ಅಧ್ಯಕ್ಷರಿಗೆ ಅಧಿಕಾರವಿಲ್ಲವೆಂದು 2026ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಆದರೆ ಕೈತಪ್ಪಿದ ಆರ್ಡರನ್ನು ತೀರ್ಪು ಮರಳಿ ತರದು.

ಆದುದರಿಂದ ಸುಂಕ ಏರಿದರೆ ಹೊರೆ ಯಾರದೆಂದು ಒಪ್ಪಂದದಲ್ಲಿಯೇ ನಮೂದಿಸಿರಿ. ವಹಿವಾಟೆಲ್ಲವನ್ನೂ ಒಬ್ಬನೇ ಖರೀದಿದಾರನಿಗೆ ಒಪ್ಪಿಸದಿರಿ. ಅಲ್ಲಿ ನಮಗೆ ಮತವಿಲ್ಲ; ಒಪ್ಪಂದದ ಷರತ್ತು ಮಾತ್ರ ನಮ್ಮ ಕೈಯಲ್ಲಿದೆ.