ಕೈಮುಗಿದು ಮರೆಯುವುದು

ಬಂಟ್ವಾಳದಿಂದ ಬೆಳ್ತಂಗಡಿಗೆ, ಅಲ್ಲಿಂದ ವೇಣೂರು ದಾರಿಯಾಗಿ ಮೂಡುಬಿದಿರೆಗೆ ಹೊರಟರೆ ಅಲ್ಲಲ್ಲಿ ಕೊರಗಜ್ಜನ ಕಟ್ಟೆಗಳು ಸಿಗುತ್ತವೆ. ಕಳೆದ ವಸ್ತು ಸಿಗಲೆಂದು ಎಲ್ಲ ಜಾತಿಯವರೂ ಚಕ್ಕುಲಿ, ವೀಳ್ಯ, ಕಳ್ಳಿನ ಹರಕೆ ಹೇಳಿಕೊಳ್ಳುತ್ತಾರೆ. ಅಂಥದೊಂದು ಕಟ್ಟೆಯ ಮುಂದೆ ನಾನು ಗೆಳೆಯನಿಗೆ ಅಜ್ಜನ ಕತೆ ನೆನಪಿಸಿದೆ. "ಅದೆಲ್ಲ ಈಗ ಯಾಕೆ ಮಾರಾಯ? ಅಜ್ಜ ಈಗ ಎಲ್ಲರಿಗೂ ದೈವ ಅಲ್ವಾ?" ಎಂದ.

ಈ 'ಈಗ ಯಾಕೆ' ಎಂಬುದರಲ್ಲೇ ನೆನಪಿನ ರಾಜಕಾರಣವಿದೆ. ಪೂರ್ವ ಯುರೋಪಿನಲ್ಲಿ ಕಮ್ಯುನಿಸ್ಟ್ ಆಡಳಿತಗಳು ಬಿದ್ದಾಗ ಚೌಕಗಳಲ್ಲಿದ್ದ ಲೆನಿನ್ ಪ್ರತಿಮೆಗಳೂ ಉರುಳಿದವು. ಬುಡಾಪೆಸ್ಟಿನಲ್ಲಿ ಕಿತ್ತ ಪ್ರತಿಮೆಗಳನ್ನು ಊರಂಚಿಗೆ ಒಯ್ದಿಟ್ಟು, 1993ರಲ್ಲಿ ಅದನ್ನೊಂದು ಉದ್ಯಾನ ಮಾಡಿದರು. ಆಳುವವರು ಬದಲಾದರೆ ಯಾವುದನ್ನು ನೆನೆಯಬೇಕು, ಯಾವುದನ್ನು ಮರೆಯಬೇಕು ಎಂಬುದೂ ಹೊಸದಾಗಿ ತೀರ್ಮಾನವಾಗುತ್ತದೆ. ಅಲ್ಲಿ ಕೆಡವಿ ಮರೆಸಿದರು. ನಮ್ಮಲ್ಲಿ ಕಟ್ಟೆ ಕಟ್ಟಿ, ಕೈಮುಗಿದು ಮರೆಯುತ್ತೇವೆ.

ಪಾಡ್ದನದ ಕೊರಗ ತನಿಯ ಅಜ್ಜನಲ್ಲ, ಹುಡುಗ. ಏಳಾಳಿನ ಹೊರೆಯನ್ನು ಒಬ್ಬನೇ ದೇವಸ್ಥಾನಕ್ಕೆ ಹೊತ್ತವನು. ಹೊರೆ ಒಳಗೆ ಹೋಯಿತು, ಹೊತ್ತವನನ್ನು ಹೊರಗೆ ನಿಲ್ಲಿಸಿದರು. ಅವನು ಮಾಯವಾದದ್ದು ಆ ಮೇಲೆ. ನಾವು ಮಾಯವಾದದ್ದನ್ನು ಕಾರಣಿಕವೆಂದು ಉಳಿಸಿಕೊಂಡೆವು, ತಡೆದದ್ದನ್ನು ಬಿಟ್ಟೆವು. ಹೀಗೆ ತಡೆದವರೂ ಕತೆಯಿಂದ ಮಾಯವಾದರು.

ಇದು ಬರೀ ಹಳೆಯ ಕತೆಯ ಜಗಳ ಅಲ್ಲ. ಅಜ್ಜನಿಗೆ ಕೈಮುಗಿಯುವ ಈ ನಾಡಿನಲ್ಲೇ ಅವನ ಜನರಿಗೆ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವ, ಅವರನ್ನು ಕಂಬಳದ ಗದ್ದೆಯಲ್ಲಿ ಕೋಣಗಳಿಗೂ ಮೊದಲು ಓಡಿಸುವ ಅಜಲು ಪದ್ಧತಿ ಇತ್ತು. ಅದನ್ನು ನಿಷೇಧಿಸಲು ಕರ್ನಾಟಕ 2000ದಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು. ದೈವಕ್ಕೆ ಸಿಕ್ಕ ಮರ್ಯಾದೆ ಮನುಷ್ಯರಿಗೆ ತಾನಾಗಿ ದಾಟಲಿಲ್ಲ.

ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ 1430 ಎಂಬ ಇಸವಿ ಇದೆ, ಕಟ್ಟಿಸಿದವರ ಹೆಸರಿದೆ. ಹೊರೆ ಹೊತ್ತವರಿಗೆ ಇರುವ ಶಾಸನ ಪಾಡ್ದನವೊಂದೇ. ಅದನ್ನೂ ಬರೀ ಭಕ್ತಿಯ ಹಾಡು ಮಾಡಿಬಿಟ್ಟರೆ ಸಾಕ್ಷಿ ಹೇಳುವವರು ಯಾರು?

ನಾನು ದಲಿತ, ಆದರೆ ಕೊರಗನಲ್ಲ. ಅವರ ನೆನಪನ್ನು ಅವರ ಪರವಾಗಿ ನಾನು ತೀರ್ಮಾನಿಸಲಾರೆ. ಹಾಗೆ ಮಾಡಿದರೆ ಅದೂ ಒಂದು ಯಜಮಾನಿಕೆಯೇ. ಹಾಡುವವರ ಪಕ್ಕ ಕೂತು, ಬಾಗಿಲಲ್ಲಿ ತಡೆದ ಭಾಗವನ್ನೂ ಬಿಡದೆ ಕೇಳಬಲ್ಲೆ. ದಲಿತ ವಿಮರ್ಶೆ ಅಲ್ಲಿಂದ ಶುರುವಾಗಲಿ. ಕೈಮುಗಿಯುವವರು ಮುಗಿಯಲಿ. ತಡೆದವರು ಯಾರು ಎಂಬುದನ್ನೂ ಮಕ್ಕಳಿಗೆ ಹೇಳಲಿ.